ಮಾವನ ಉಡಿದಾರ, ನಮ್ಮ ಮನೆಯ ಡಿಶ್ಶು

ಸಿಡಿಲಿನ ಬಗ್ಗೆ ನನ್ನ ಸೋದರಮಾವನಷ್ಟು ಧೈರ್ಯವಾಗಿ ಭಾಷಣ ಮಾಡಿದವರನ್ನು ನಾನು ಶ್ರೀನಿವಾಸಪುರದಲ್ಲಿ ಕಂಡಿಲ್ಲ. ಗುಡುಗು ಕೇಳಿದ ಕೂಡಲೇ ಅವರಷ್ಟು ಚುರುಕಾಗಿ ಕಂಬಳಿಯೊಳಗೆ ಸೇರಿದವರನ್ನೂ ಕಂಡಿಲ್ಲ!

ಮೈಮೇಲೆ ಲೋಹವಿದ್ದರೆ ಸಿಡಿಲು ವಿಳಾಸ ಹುಡುಕಿಕೊಂಡು ಬರುತ್ತದೆಂದು ಅವರ ನಂಬಿಕೆ. ಮೋಡ ಕವಿದರೆ ಸಾಕು, ಉಂಗುರ ತೆಗೆಯುವರು. ಸೊಂಟದ ಬೆಳ್ಳಿ ಉಡಿದಾರವನ್ನೂ ಬಿಚ್ಚಿ ರಾಗಿ ಮಡಕೆಯೊಳಗೆ ಹಾಕುವರು. ಉಡಿದಾರವೇ ಇಲ್ಲದ ಮೇಲೆ ಪಂಚೆ ಎಲ್ಲಿ ನಿಲ್ಲಬೇಕು? ಹಾಗಾಗಿ ಮಳೆ ನಿಲ್ಲುವವರೆಗೆ ಮಂಚದಿಂದ ಇಳಿಯುತ್ತಿರಲಿಲ್ಲ.

ವೈರಿಂಗ್ ಅವರ ಕಸುಬು, ಅರ್ಥಿಂಗ್ ಅವರ ಹುಚ್ಚು. ಆಳುದ್ದ ಗುಂಡಿ ತೋಡಿ, ಕೊಳವೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ದಿನಾ ನೀರುಣಿಸಬೇಕು. ಆಗ ತಂತಿ ಹಿಡಿದು ಇಳಿದ ಸಿಡಿಲನ್ನು ಭೂಮಿ ನುಂಗಿಕೊಳ್ಳುತ್ತದೆ. ಒಮ್ಮೆ ಮಾವಿನ ಮಂಡಿಯವರ ಮನೆಯಲ್ಲಿ, "ಒಂದು ಮೂಟೆ ಇದ್ದಿಲು, ಅರ್ಧ ಮೂಟೆ ಉಪ್ಪು ತರಿಸಿ" ಎಂದರು.

"ಅಯ್ಯೋ, ಅಷ್ಟೊಂದು ದೃಷ್ಟಿ ಆಗೈತಾ ನಮ್ಮನೇಗೆ!" ಎಂದು ಆ ಮನೆಯ ಅಜ್ಜಿ ಉಪ್ಪನ್ನೆಲ್ಲ ಯಜಮಾನರಿಗೆ, ಎಮ್ಮೆಗೆ, ಆಂಟೆನಾ ಕಂಬಕ್ಕೆ ನಿವಾಳಿಸಿ ಒಲೆಗೆ ಸುರಿದರು! ಆ ಚಟಪಟ ಸದ್ದಿಗೆ ಮಾವ ಉಂಗುರ ತೆಗೆದರಂತೆ. ಇದು ನಮ್ಮತ್ತೆ ಸೇರಿಸಿದ ಮಾತಿರಬಹುದು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ರೇಡಿಯೋ ರಿಪೇರಿಗೆ ಕೂತವನು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೀದಿಯ ಮೊದಲ ಡಿಶ್ಶನ್ನು ನನ್ನ ಮಾಳಿಗೆಯ ಮೇಲೆ ನಾನೇ ನಿಲ್ಲಿಸಿದೆ. ಊರೆಲ್ಲ ಕತ್ತೆತ್ತಿ ನೋಡಿತು. ಮಾವ ಒಬ್ಬರು ಮಾತ್ರ ನೆಲ ನೋಡಿದರು.

"ಏಮಿರಾ ಅಳಿಯಾ, ಆಕಾಶಕ್ಕೆ ತಟ್ಟೆ ಒಡ್ಡಿದ್ದೀಯ. ಬಿದ್ದಿದ್ದು ಎಲ್ಲಿಗೋಗ್ಬೇಕು?"

"ಟೀವಿಗೆ ಹೋಗುತ್ತೆ ಮಾವ."

"ಸಿಡ್ಲೂ ಸಿನಿಮಾ ನೋಡೋಕೆ ಬರುತ್ತೇನ್ಲಾ?"

"ಒಂದು ಮೊಳ ಕಂಬಿ ಹೂತಿದ್ದೀನಿ, ಸಾಕು!"

ಮರುದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ನನ್ನ ಹೆಂಡತಿಯ ಟೊಮೇಟೊ ಪಾತಿಯ ನಟ್ಟನಡುವೆ ಮಾವ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದ್ದರು. ಡಿಶ್ಶಿನ ಕಂಬದಿಂದ ತಾಮ್ರದ ಪಟ್ಟಿ ಅದಕ್ಕಿಳಿದಿತ್ತು. ನನಗೆ ಮೈಯೆಲ್ಲ ಉರಿಯಿತು.

"ನನ್ನ ಕೆಲಸ ನಂಗೊತ್ತು. ಇನ್ನು ಈ ಕಡೆ ಬರಬೇಡಿ ಮಾವ."

ಅವರು ಹಾರೆಯ ಮಣ್ಣು ಒರೆಸಿಕೊಂಡು ಹೋದರು. ಆಮೇಲೆ ನಾನಿರುವಾಗ ಬರಲಿಲ್ಲ. ಆದರೆ ದಿನಾ ಸಂಜೆ ನೋಡಿದರೆ ಗುಂಡಿ ಒದ್ದೆ! ನಾನು ಅಂಗಡಿಗೆ ಹೋದ ಮೇಲೆ ಹಿಂದಿನ ಓಣಿಯಿಂದ ಬಂದು ಎರಡು ಬಿಂದಿಗೆ ಸುರಿದು ಹೋಗುತ್ತಿದ್ದರು. ನನ್ನವಳು ಅವರಿಗೆ ಕಾಫಿಯನ್ನೂ ಕೊಡುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಭರಣಿ ಮಳೆಯ ಒಂದು ಮಧ್ಯಾಹ್ನ ಬೆಳಕು, ಸದ್ದು ಎರಡೂ ಒಟ್ಟಿಗೇ ಬಂದವು. ಕಿವಿ ತೆರೆದುಕೊಂಡಾಗ ಟೀವಿಯಿಂದ ಹೊಗೆ ಬರುತ್ತಿತ್ತು. ಆಮೇಲೆ ನೋಡಿದರೆ ಡಿಶ್ಶಿನ ಅಂಚು ಸುಟ್ಟಿತ್ತು, ತಾಮ್ರದ ಪಟ್ಟಿ ಇಳಿದ ಗುಂಡಿಯ ಸುತ್ತ ಪಾತಿಯ ಗಿಡಗಳು ಕಮರಿದ್ದವು. ನನ್ನ ಮೊಳದುದ್ದದ ಕಂಬಿ ಕಿತ್ತುಕೊಂಡು ಗೋಡೆ ಪಕ್ಕ ಬಿದ್ದಿತ್ತು. ನಾನು, ನನ್ನವಳು, ಮಕ್ಕಳಿಬ್ಬರು ಮಾತ್ರ ಏನೂ ಆಗದೆ ಪಡಸಾಲೆಯಲ್ಲಿ ಕೂತಂತೆಯೇ ಕೂತಿದ್ದೆವು.

ಆಕಾಶ ಇನ್ನೂ ಗುಡುಗುತ್ತಿತ್ತು. ಬಾಗಿಲಲ್ಲಿ ಮಾವ! ಆ ಮಳೆಯಲ್ಲಿ ಎರಡು ಬೀದಿ ಬರಿಗಾಲಲ್ಲಿ ಓಡಿ ಬಂದಿದ್ದರು. ಒಂದು ಕೈಯಲ್ಲಿ ಪಂಚೆ ಬಿಗಿಯಾಗಿ ಹಿಡಿದಿದ್ದರು. ಇನ್ನೊಂದು ಕೈಯ ಬೆರಳು ನಮ್ಮನ್ನು ಎಣಿಸುತ್ತಿತ್ತು.

"ಒಂದು... ಎರಡು... ಮೂರು... ನಾಲ್ಕು."

"ಉಡಿದಾರ ಎಲ್ಲಿ ಮಾವ?" ಎಂದೆ.

"ಮಡಕೇಲಿ ಐತೆ. ಅಲ್ಲಾಡಬೇಡ್ರೋ, ಇನ್ನೊಂದ್ ಸಲ ಎಣಿಸ್ತೀನಿ."

ಈ ಸಲ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ಅದಕ್ಕೆ ಅವರಿಗೆ ಎರಡೂ ಕೈ ಬೇಕಾಯಿತು. ಪಂಚೆಯನ್ನು ನಾನು ಹಿಡಿದುಕೊಂಡೆ.