ಕೂದಲೆಳೆಯಷ್ಟು ಉದ್ದ

ಅಂದು ಬೆಳಿಗ್ಗೆ ಆರ್ವಿಡ್ ಟೊಲೆಫ್ಸನ್‌ಗೆ ಕಾಫಿ ಗಂಟಲಿಗೆ ಇಳಿಯುವ ಮೊದಲೇ ಸಿಟ್ಟು ನೆತ್ತಿಗೇರಿತು. ಮಧ್ಯಾಹ್ನ ಊರ ಪಿಸ್ತೂಲು ಕ್ಲಬ್ಬಿನ ಪಂದ್ಯ. ಅದಕ್ಕೆಂದು ತಾನೇ ಕೈಯಾರೆ ತುಂಬಿದ ತೋಟಾವನ್ನು, ಪಿಸ್ತೂಲಿನಿಂದ ಬಿಚ್ಚಿಟ್ಟಿದ್ದ ನಳಿಗೆಯೊಳಗೆ ಬಿಟ್ಟು ನೋಡಿದರೆ, ಅದು ಮೊದಲ ಸಲ ಅತ್ತೆ ಮನೆಗೆ ಬಂದ ಅಳಿಯನ ಹಾಗೆ ಹೊಸ್ತಿಲಲ್ಲೇ ಸಿಕ್ಕಿಕೊಂಡಿತು. ಕೂದಲೆಳೆಯಷ್ಟು ಉದ್ದ ಜಾಸ್ತಿ!

"ತೋಟಾ ತುದಿಯ ಗುಂಡನ್ನ ಇನ್ನೂ ಒಳಗೆ ಒತ್ತು ಮಾರಾಯಾ," ಎಂದಿತು ಗ್ಯಾರೇಜಿನ ಬಾಗಿಲಿಂದ ಒಂದು ದನಿ. ಪಕ್ಕದ ಮನೆಯ ಡೆಲ್ಬರ್ಟ್. ಅಮೆರಿಕದ ಡಕೋಟಾ ಬಯಲಿನ ಗಾಳಿಗಾದರೂ ಬಾಗಿಲು ಹಾಕಬಹುದು, ಡೆಲ್ಬರ್ಟ್‌ಗೆ ಹಾಕಲಾಗದು.

"ಸಿಕ್ಕಾಪಟ್ಟೆ ಒತ್ತಿದರೆ ಒಳಗೆ ಜಾಗ ಕಮ್ಮಿಯಾಗಿ, ಒತ್ತಡ ಏರಿ, ಪಿಸ್ತೂಲು ಕೈಯಲ್ಲೇ ಸಿಡಿಯುತ್ತೆ! ಆಮೇಲೆ ಬೆರಳು ನೀನು ಕೊಡ್ತೀಯಾ?"

"ಅಯ್ಯೋ, ನಾನೇನು ಮೊನ್ನೆ ಹುಟ್ಟಿದವನಾ?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಆರ್ವಿಡ್ ಒಳಗೆ ಹೋಗಿ ಬರುವಷ್ಟರಲ್ಲಿ ಡೆಲ್ಬರ್ಟ್, ಗುಂಡನ್ನು ತೋಟಾದೊಳಗೆ ಒತ್ತುವ ಪ್ರೆಸ್ಸಿನ ತಿರುಪನ್ನು ತನಗೆ ತೋಚಿದಷ್ಟು ತಿರುಗಿಸಿ, ತಟ್ಟೆಯಲ್ಲಿದ್ದ ತೋಟಾಗಳನ್ನೆಲ್ಲ ಒತ್ತಿ ಮುಗಿಸಿದ್ದ. ಗುಂಡುಗಳು ಚಳಿಗೆ ಕಂಬಳಿ ಹೊದ್ದವರಂತೆ ಮೂತಿ ಮಾತ್ರ ಹೊರಗಿಟ್ಟಿದ್ದವು.

"ತೊಲಗಾಚೆ!" ಆರ್ವಿಡ್‌ನ ಕೂಗಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. "ಇನ್ನೊಂದು ಸಲ ನನ್ನ ಗ್ಯಾರೇಜಿಗೆ ಕಾಲಿಟ್ಟರೆ ಆ ಕಾಲನ್ನೇ ಪ್ರೆಸ್ಸಿಗೆ ಕೊಡ್ತೀನಿ!"

ಡೆಲ್ಬರ್ಟ್ ಮುಖ ಸಣ್ಣದು ಮಾಡಿಕೊಂಡು ನೇರ ಅಡುಗೆಮನೆಗೆ, ಆರ್ವಿಡ್‌ನ ಹೆಂಡತಿ ಮಾರ್ಲಿಸ್ ಹತ್ತಿರ ದೂರು ಹೇಳಲು ಹೋದ.

ಆರ್ವಿಡ್ ಹಲ್ಲು ಕಡಿಯುತ್ತ ಒಂದೊಂದೇ ತೋಟಾ ಬಿಚ್ಚಿದ. ಆಮೇಲೆ ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಕಿಡಿಬೊಟ್ಟು ಎರಡೂ ಇಲ್ಲದ ಖಾಲಿ ತೋಟಾವೊಂದನ್ನು ಮಾಡಿ, ತಿರುಪನ್ನು ಚೂರುಚೂರೇ ತಿರುಗಿಸಿ, ಅಳೆದು, ನಳಿಗೆಗೆ ಬಿಟ್ಟು ನೋಡಿದ. ಕೊನೆಗೆ 'ಟಕ್' ಎಂದು ಕೂತಿತು. ಮಗುಚಿದರೆ ತಾನಾಗಿ ಉದುರಿತು. ಕೈಪಿಡಿ ಹೇಳಿದ ಅಳತೆಯೊಳಗೇ ಇತ್ತು. ಆಮೇಲಷ್ಟೇ ಮದ್ದು ತುಂಬಿದ. ನಳಿಗೆಯನ್ನು ಪಿಸ್ತೂಲಿಗೆ ಜೋಡಿಸಿ, ಚೀಲಕ್ಕೆ ಹಾಕಿ, ಸ್ನಾನಕ್ಕೆ ಹೋದ.

ಮಧ್ಯಾಹ್ನ ಕ್ಲಬ್ಬಿನಲ್ಲಿ ಆರ್ವಿಡ್‌ನ ಸರದಿ ಬಂತು. ಮೊದಲ ತೋಟಾ ಅರ್ಧ ಹೋಗಿ ನಿಂತೇಬಿಟ್ಟಿತು. ತೋಟಾ ಒಳಹೋಗುವ ಪಿಸ್ತೂಲಿನ ಬಾಯಿ ಮುಚ್ಚಲೇ ಇಲ್ಲ.

"ಮೂತಿ ಗುರಿಯ ಕಡೆಗೇ ಇರಲಿ, ಅಲ್ಲಾಡಬೇಡ," ಎಂದು ಪಂದ್ಯ ನಡೆಸುತ್ತಿದ್ದ ಬ್ಯೂಲಾ ಮುಂದೆ ಬಂದು ಜೋಪಾನವಾಗಿ ಅದನ್ನು ತೆಗೆಸಿದಳು. "ತೋಟಾ ಉದ್ದ ಆಗಿದೆ. ಇವತ್ತಿಗೆ ಇದನ್ನ ಹಾರಿಸೋ ಹಾಗಿಲ್ಲ."

ಆರ್ವಿಡ್ ಪಿಸ್ತೂಲು ಕೆಳಗಿಟ್ಟು ಜನರ ನಡುವೆ ನಿಂತಿದ್ದ ಡೆಲ್ಬರ್ಟ್‌ನತ್ತ ಬೆರಳು ಮಾಡಿದ. "ಇವನೇ! ಈ ಡೆಲ್ಬರ್ಟೇ! ಕಳ್ಳನ ಹಾಗೆ ನುಗ್ಗಿ ಮತ್ತೆ ತಿರುಪು ತಿರುಗಿಸಿದಾನೆ! ಹಾಳು ಕೈ, ದರಿದ್ರ ಕೈ!"

"ನಾನು ಆ ಕಡೆ ತಲೆ ಕೂಡ ಹಾಕಿಲ್ಲ!" ಡೆಲ್ಬರ್ಟ್ ಕೆಂಪಾದ.

ಅಷ್ಟರಲ್ಲಿ ಮಾರ್ಲಿಸ್, ಬಂದೂಕು ರಿಪೇರಿ ಮಾಡುವ ತನ್ನ ತಮ್ಮ ನಾರ್ವಲ್‌ನನ್ನು ಎಳೆದುಕೊಂಡು ನಗುನಗುತ್ತ ಬಂದಳು.

"ಹೇಗಿದೆ ಹೊಸ ನಳಿಗೆ? ಆ ಹಾಳು ನಳಿಗೆ ದೆಸೆಯಿಂದ ಊರೆಲ್ಲ ಜಗಳ ಆಡ್ತಿದ್ದೆಯಲ್ಲ. ನೀನು ಸ್ನಾನಕ್ಕೆ ಹೋದಾಗ ಇವನನ್ನ ಕರೆಸಿ ಬದಲಾಯಿಸಿಬಿಟ್ಟೆ!"

"ಒಳ್ಳೆ ಬಿಗಿ ನಳಿಗೆ," ಎಂದ ನಾರ್ವಲ್ ಹೆಮ್ಮೆಯಿಂದ. "ಹಳೇದರಷ್ಟು ಒಳಜಾಗ ಇಲ್ಲ."

ಆರ್ವಿಡ್ ದನಿ ತಗ್ಗಿಸಿದ. ಮಾರ್ಲಿಸ್ ಎದುರು ಕೂಗುವ ಧೈರ್ಯ ಅವನಿಗೆ ಮದುವೆಯಾದಂದಿನಿಂದ ಇರಲಿಲ್ಲ. "ಹಳೇದು... ಎಲ್ಲಿ?"

"ಡೆಲ್ಬರ್ಟ್‌ಗೆ ಕೊಟ್ಟೆ. ಅವನದೂ ಅದೇ ಜಾತಿ ಪಿಸ್ತೂಲಲ್ವಾ? ನೀನು ಬೈದಿದ್ದಕ್ಕೆ ಸಮಾಧಾನ ಆಗಲಿ ಅಂತ."

ಎಲ್ಲರೂ ಡೆಲ್ಬರ್ಟ್ ಕಡೆ ನೋಡಿದರು. ಅವನು ಎದೆ ಮೇಲೆ ಕೈಕಟ್ಟಿ ನಿಂತ. "ವಾಪಸ್ ಬೇಕಾ? ಕೊಡ್ತೀನಿ. ಮೊದಲು ತಪ್ಪಾಯ್ತು ಅನ್ನು. ಎಲ್ಲರಿಗೂ ಕೇಳೋ ಹಾಗೆ."

ಆರ್ವಿಡ್ ಬೇವು ಅಗಿದವನಂತೆ ಮುಖ ಮಾಡಿ ಹೇಳಿದ, "ತಪ್ಪಾಯ್ತು."

"ಹಿಂದಿನ ಸಾಲಿಗೆ ಕೇಳಲಿಲ್ಲ."

"ತಪ್ಪಾಯ್ತು ಕಣೋ, ಡೆಲ್ಬರ್ಟ್! ನಂದೇ ತಪ್ಪು!"

ಹಿಂದಿನ ಸಾಲು ಚಪ್ಪಾಳೆ ತಟ್ಟಿತು. ಆರ್ವಿಡ್ ಕೈ ಚಾಚಿದ. "ಕೊಡೀಗ."

"ಈಗೆಲ್ಲಿಂದ ಕೊಡಲಿ? ಮನೇಲಿದೆ ಮಾರಾಯಾ," ಎಂದ ಡೆಲ್ಬರ್ಟ್. "ಪಂದ್ಯ ಮುಗಿದ ಮೇಲೆ ಬಾ."