ಗುರುವಪ್ಪ ನೆಟ್ಟಗೆ ಮಾಡಿದ ಮರ

ಗೇಟಿನ ಎದುರು ಬೈಕು ನಿಲ್ಲಿಸಿದ ಶಶಿಕಿರಣನಿಗೆ ಹೆಲ್ಮೆಟ್ ತೆಗೆಯಲೂ ಕೈ ಏಳಲಿಲ್ಲ. ಎಂಟು ತಿಂಗಳಿಂದ ಬಿಲ್ಲಿನಂತೆ ಬಗ್ಗಿದ್ದ ಮರ, ಪ್ರಾರ್ಥನೆಗೆ ನಿಂತ ಶಾಲೆ ಹುಡುಗನ ಹಾಗೆ ನೆಟ್ಟಗೆ ನಿಂತಿತ್ತು. ಬಗ್ಗಿಸಿ ಕಟ್ಟಿದ್ದ ಹಗ್ಗ ಇಲ್ಲ, ಗೂಟ ಇಲ್ಲ.

ಮಡಂತ್ಯಾರಿನ ಕೇಶವಪ್ರಸಾದ ಮಾಸ್ಟ್ರ ಅಂಗಳದಲ್ಲಿ ಇಂಥ ಮರ ಎರಡಿದ್ದವು. ನರ್ಸರಿಯವರು ಕ್ರಿಸ್ಮಸ್ ಮರ ಎಂದು ಮಾರಿದ್ದು. ಪೈನಿನ ದೂರದ ನೆಂಟ. ಈ ಬಳಗದ ಮರ ವಾಲಿದರೆ ಕಾಂಡದ ಅಡಿಮಗ್ಗುಲಲ್ಲಿ ಬೇರೆಯೇ ಬಗೆಯ ಗಟ್ಟಿ ಕಟ್ಟಿಗೆ ಬೆಳೆದು ಅದನ್ನು ಮೇಲಕ್ಕೆ ತಳ್ಳುತ್ತದೆ. ಆಗ ಯಾವ ಜೀನು ಎಚ್ಚರಾಗುತ್ತದೆ, ಯಾವುದು ಮಲಗುತ್ತದೆ ಎಂಬುದೇ ಶಶಿಕಿರಣನ ಪಿಎಚ್‌.ಡಿ. ಅದಕ್ಕೆಂದೇ ಒಂದನ್ನು ಹಗ್ಗ ಕಟ್ಟಿ ಬಗ್ಗಿಸಿ, ಹೋಲಿಕೆಗೆ ಇನ್ನೊಂದನ್ನು ನೆಟ್ಟಗೇ ಬಿಟ್ಟಿದ್ದ. ಇವತ್ತು ತೊಗಟೆ ಬಿಡಿಸಿ ಚೂರು ತೆಗೆಯುವ ದಿನ. ತೆಗೆದ ಕೂಡಲೇ ಹೆಪ್ಪುಗಟ್ಟಿಸಬೇಕು. ಅದಕ್ಕಾಗಿ ದನದ ಆಸ್ಪತ್ರೆಯ ಚನಿಯಪ್ಪನ ಕೈಕಾಲು ಹಿಡಿದು, ಹೋರಿಯ ವೀರ್ಯ ಇಡುವ ದ್ರವ ಸಾರಜನಕದ ಕ್ಯಾನನ್ನೇ ತಂದಿದ್ದ. ಆರು ವರ್ಷ ಮುಗಿದಿತ್ತು. ಮುಂದಿನ ತಿಂಗಳು ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು.

"ಯಾರು... ಯಾರು ಮಾಡಿದ್ದು ಇದನ್ನು?"

ಪಕ್ಕದ ಮನೆಯ ಗುರುವಪ್ಪ ಬಾಯಿತುಂಬ ನಕ್ಕೊಂಡು ಬಂದ. "ನಾನೇ ಸರ್. ಮಾಸ್ಟ್ರು ಬಂಟ್ವಾಳಕ್ಕೆ ಮಗಳ ಮನೆಗೆ ಹೋಗಿದ್ದಾರೆ. ಬಸ್ಸಿನಿಂದ ಇಳಿದವರೆಲ್ಲ ಕೇಳುವುದು, ಆ ಮರ ಬೀಳ್ತಾ ಉಂಟಲ್ಲ, ನಿಮಗೆ ಕಣ್ಣಿಲ್ವಾ ಅಂತ. ಮರ್ಯಾದೆ ಪ್ರಶ್ನೆ ಅಲ್ವಾ? ನಿನ್ನೆ ಸಂಜೆ ಐದಕ್ಕೆ, ಯಾರೋ ಕಟ್ಟಿದ್ದ ಹಗ್ಗ ಕಡಿದು, ನೆಟ್ಟಗೆ ಎಳೆದು, ಆಧಾರಕ್ಕೆ ಒಂದು ಗಳ ಕೊಟ್ಟೆ."

"ಅದನ್ನು ಬಗ್ಗಿಸಿದ್ದೇ ನಾನು ಮಾರಾಯ್ರೆ!"

"ನೀವಾ?" ಗುರುವಪ್ಪನ ಹೆಂಡತಿ ಲೋಲಾಕ್ಷಿ ಎದೆ ಮೇಲೆ ಕೈಯಿಟ್ಟಳು. "ಪಾಪದ ಮರ, ನಿಮಗೆ ಎಂತ ಮಾಡಿತ್ತು ಅದು?"

ಶಶಿಕಿರಣ ಜಗಲಿಯಲ್ಲಿ ಕೂತು ಅರ್ಧ ಗಂಟೆ ವಿವರಿಸಿದ. ಜೀನು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಅವನ ಮುಖ ಮಾತ್ರ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು.

"ಅಂದರೆ ಮರ ಬಗ್ಗಿದರೆ ಮಾತ್ರ ನೀವು ಡಾಕ್ಟ್ರು ಆಗುವುದಾ?" ಗುರುವಪ್ಪನ ಸ್ವರ ಇಳಿದಿತ್ತು.

"ಹೌದು."

ಕ್ಯಾನನ್ನು ಜಗಲಿಯಲ್ಲೇ ಬಿಟ್ಟು ಅವನು ಮೂಡುಬಿದಿರೆಗೆ ಹೊರಟ. ಬೈಗುಳ ತಿನ್ನುವುದಾದರೆ ಎದುರೇ ತಿನ್ನುವ ಎಂದು ಗೈಡ್ ಶುಭಶ್ರೀ ಮೇಡಂ ಮುಂದೆ ತಲೆ ತಗ್ಗಿಸಿ ನಿಂತ. ಮೇಡಂ ಎಲ್ಲ ಕೇಳಿ ಮೇಜು ಕುಟ್ಟಿದರು.

"ಒಳ್ಳೆಯದೇ ಆಯ್ತಲ್ಲ! ಬಗ್ಗಿದ ಮರದ್ದು ಯಾರು ಬೇಕಾದರೂ ಮಾಡ್ತಾರೆ. ಬಗ್ಗಿದ್ದನ್ನು ಬಿಟ್ಟ ಮೇಲೆ ಎಂತ ಆಗ್ತದೆ ಅಂತ ನೋಡುವ. ಸರಿಯಾಗಿ ಇಪ್ಪತ್ತನಾಲ್ಕು ಗಂಟೆಗೆ, ಇವತ್ತು ಸಂಜೆ ಐದಕ್ಕೆ ಚೂರು ತೆಗೀರಿ. ಎರಡೂ ಮರದ್ದು. ಅಲ್ಲಿವರೆಗೆ ಒಂದನ್ನೂ ಯಾರೂ ಮುಟ್ಟಬಾರದು."

ಶಶಿಕಿರಣನಿಗೆ ಗುರುವಪ್ಪನ ಕಾಲಿಗೆ ಬೀಳಬೇಕೆನಿಸಿತು. ಗುರುವಪ್ಪನ ನಂಬರ್ ಇರಲಿಲ್ಲ. ಮಾಸ್ಟ್ರಿಗೆ ಫೋನ್ ಮಾಡಿ, ಮರದ ಹತ್ತಿರ ಯಾರೂ ಹೋಗದ ಹಾಗೆ ಹೇಳಿಬಿಡಿ ಎಂದ.

"ನೀವು ಮಂಡೆಬಿಸಿ ಮಾಡಬೇಡಿ," ಎಂದರು ಮಾಸ್ಟ್ರು. "ನಮ್ಮ ಗುರುವಪ್ಪ ಇದ್ದಾನಲ್ಲ, ಮರದ ಹತ್ತಿರವೇ ಇದ್ದಾನಂತೆ. ಬೆಳಿಗ್ಗೆಯಿಂದ ಊಟಕ್ಕೂ ಎದ್ದಿಲ್ಲವಂತೆ."

ಸಂಜೆ ನಾಲ್ಕೂವರೆಗೆ ಮಡಂತ್ಯಾರು ತಲುಪಿದಾಗ ಗೇಟಿನ ಬಳಿ ಹತ್ತು ಹದಿನೈದು ಜನ ಸೇರಿದ್ದರು. ಗುರುವಪ್ಪ ಬೆವರಿನಲ್ಲಿ ಮಿಂದಿದ್ದ.

"ಬನ್ನಿ ಸರ್! ಮೊದಲಿಗಿಂತ ಒಂದು ಮೊಳ ಹೆಚ್ಚೇ ಬಗ್ಗಿಸಿದ್ದೇವೆ. ಮೂರು ಹಗ್ಗ. ಇನ್ನು ಆನೆ ಎಳೆದರೂ ಏಳುವುದಿಲ್ಲ!"

ಶಶಿಕಿರಣ, ಹೋಲಿಕೆಯ ಮರವಾದರೂ ಉಳಿಯಿತಲ್ಲ ಎಂದು ಮೆಲ್ಲ ಕತ್ತು ತಿರುಗಿಸಿದ.

"ಒಂದರಲ್ಲಿ ಪಾಸು ಆಗದಿದ್ದರೆ ಅಂತ ಅದನ್ನೂ ಬಗ್ಗಿಸಿದೆವು," ಎಂದಳು ಲೋಲಾಕ್ಷಿ. "ಚಾ ಕುಡೀರಿ ಡಾಕ್ಟ್ರೆ."

ಅಷ್ಟರಲ್ಲಿ ಬಸ್ಸಿನಿಂದ ಇಳಿದವನೊಬ್ಬ ಕೂಗಿದ: "ಹೋಯ್, ಎರಡೂ ಮರ ಬೀಳ್ತಾ ಉಂಟಲ್ಲ! ಯಾರಿಗೂ ಕಣ್ಣಿಲ್ವಾ?"

"ಬೀಳುವುದಲ್ಲ ಮಾರಾಯ!" ಗುರುವಪ್ಪ ಎದೆಯುಬ್ಬಿಸಿ ಶಶಿಕಿರಣನತ್ತ ಕೈ ತೋರಿಸಿದ. "ಎಲ್ಲ ಇವರು ಹೇಳಿಯೇ ಮಾಡಿದ್ದು!"

ಶಶಿಕಿರಣ ಈಗಲೂ ಹೆಲ್ಮೆಟ್ ತೆಗೆಯಲಿಲ್ಲ. ಅತ್ತದ್ದು ಯಾರಿಗೂ ಕಾಣದಿರಲಿ ಎಂದು ಅದರ ಗಾಜನ್ನೂ ಕೆಳಗೆಳೆದುಕೊಂಡ.