ಹೊಡೆತದ ವೈರಿ ನಮ್ಮ ಮಾಮಾ

ನಮ್ಮ ಸೋದರಮಾವನಷ್ಟು ಏಟು ತಿಂದ ಮನುಷ್ಯ ಇಡೀ ಬೆಳಗಾವಿ ಜಿಲ್ಲೆಯಲ್ಲಿ ಇರಲಾರ. ಅದೂ ಮೀಸೆ ನರೆತ ಮೇಲೆ! ಅಷ್ಟೊಂದು ವೈರಿಗಳಿದ್ದರೇ ಅಂತೀರಾ? ಒಬ್ಬರೂ ಇರಲಿಲ್ಲ. ಅವೆಲ್ಲ ಮಕ್ಕಳಿಗೆಂದು ಎತ್ತಿದ ಏಟುಗಳು. ಎಲ್ಲಿ ಕೂಸು ಚೀರಿದರೂ ಮಾಮಾ ಒಳಗೆ ನುಗ್ಗಿ ತನ್ನ ಬೆನ್ನು ಕೊಡುತ್ತಿದ್ದ. ಹೋದ ಶತಮಾನದ ಇಪ್ಪತ್ತರ ದಶಕದ ಮಾತಿದು. ಮಕ್ಕಳನ್ನು ಹೊಡೆಯಬಾರದು ಅಂದರೆ ಆಗ ಜನ, ರೊಟ್ಟಿ ತಿನ್ನಬಾರದು ಅಂದಷ್ಟೇ ಬೆರಗಾಗುತ್ತಿದ್ದರು!

ಮಾಮಾನದು ಖಾನಾಪುರದಲ್ಲಿ ಹಂಚಿನ ವ್ಯಾಪಾರ. ಬೆಳಗಾವಿಗೆ ಬಂದಾಗಲೆಲ್ಲ ಅನಗೋಳದ ನಮ್ಮ ಮನೆಯಲ್ಲೇ ಊಟ. ಒಮ್ಮೆ ಬಾಜು ಮನೆಯಲ್ಲಿ ಕೂಸು ಚೀರಿತು. ತುತ್ತು ಬಿಟ್ಟು ಓಡಿದ. ನೋಡಿದರೆ ಅಲ್ಲಿನ ಅಜ್ಜಿ ಮೊಮ್ಮಗನಿಗೆ ಹರಳೆಣ್ಣೆ ಕುಡಿಸುತ್ತಿದ್ದಾಳೆ! ಹೋದವನು ಸುಮ್ಮನೆ ಬರಬಹುದಿತ್ತಲ್ಲ?

"ಮೊದಲ ನನಗ ಕುಡಸ್ರಿ ಅಜ್ಜಿ" ಅಂದ.

ಅಜ್ಜಿ ಕುಡಿಸಿಯೇ ಬಿಟ್ಟಳು. ಅಂದು ಮಾಮಾ ಖಾನಾಪುರದ ಗಾಡಿ ತಪ್ಪಿಸಿಕೊಂಡ. ಕಾರಣ ಬಿಡಿಸಿ ಹೇಳಬೇಕೇ?

ಅವನೂರಿನ ಸಾಲಿ ಮಾಸ್ತರರಿಗೂ ಅವನಿಗೂ ಇದೇ ವಾದ.

"ದಂಡಂ ದಶಗುಣಂ ಅಂತ ಹಿರ್ಯಾರು ಸುಮ್ಮನ ಅಂದಾರೇನ್ರಿ?"

"ಹತ್ತೂ ಗುಣ ಹೇಳ್ರಿ ಮಾಸ್ತರ, ಕೇಳೂಣು."

ಮಾಸ್ತರರು ಮೂರಕ್ಕೇ ತಡವರಿಸಿದರು.

"ನೆನಪಾಗವಲ್ಲವು? ನಿಮಗೂ ಎರಡು ಬಾರಿಸೂಣೇನ್ರಿ?"

ಅವನ ಬಾಯಿ ಮುಚ್ಚಿಸುವ ಗಂಡೆದೆ ಇದ್ದದ್ದು ನಮ್ಮವ್ವನಿಗೆ ಮಾತ್ರ. ನನ್ನ ಬೆನ್ನಿಗೆ ಅವಳು ಸಾರು ಬಡಿಸುವ ಸವಟಿನ ಪರಿಚಯ ಚೆನ್ನಾಗಿತ್ತು.

"ಅಣ್ಣಾ, ಹಡದಾಕಿ ನಾ, ಹೊಡಿಯಾಕಿನೂ ನಾನ! ನಿನ್ನ ಮಗಳು ಇನ್ನ ಸಣ್ಣಾಕಿ ಅದಾಳ. ಆಮ್ಯಾಲ ತಿಳಿತೈತಿ."

"ಖರೇ ಹೇಳತೀನಿ ತಂಗಿ, ಅಕಿ ಮ್ಯಾಲ ನನ್ನ ಕೈ ಏಳಂಗಿಲ್ಲ."

ಮುಂದೆ ಚೌತಿಗೆ ಅವ್ವನೂ ನಾನೂ ಖಾನಾಪುರಕ್ಕೆ ಹೋದೆವು. ತಡವಾಗಿ ಹುಟ್ಟಿದ ಒಬ್ಬಳೇ ಮಗಳ ಕೈಹಿಡಿದು ಮಾಮಾ ಸ್ಟೇಶನ್ನಿಗೆ ಬಂದಿದ್ದ. ನಾವಿಳಿದು ಗಂಟು ಎತ್ತಿಕೊಳ್ಳುವಷ್ಟರಲ್ಲಿ ಆ ನಾಲ್ಕು ವರ್ಷದ ಕೂಸು ಕೈ ಬಿಡಿಸಿಕೊಂಡು, ಹೊರಟ ಗಾಡಿಯ ಚಕ್ರ ಮುಟ್ಟಲು ಓಡಿತು. ಮಾಮಾ ಹಾರಿ ಹೋಗಿ ಅಂಚಿನಿಂದ ಸೆಳೆದುಕೊಂಡ. ಸೆಳೆದವನೇ ಬೆನ್ನಿಗೆ ಫಟ್ಟನೆ ಒಂದು ಬಾರಿಸಿದ!

"ಅಣ್ಣಾ..." ಅವ್ವ ಗೆದ್ದವಳಂತೆ ಬಾಯಿ ತೆಗೆದಳು.

ಮಾಮಾ ಅಲ್ಲೇ ಕುಸಿದು ಕೂತು, ಹೊಡೆದ ಕೈಯನ್ನೇ ನೋಡುತ್ತಿದ್ದ. ಕಣ್ಣೀರು ಮೀಸೆಗಿಳಿದಿತ್ತು. ಕೂಸಿಗೋ ಏಟು ಅಂದರೇನೆಂದೇ ಗೊತ್ತಿಲ್ಲ, ಅಳಬೇಕೆಂದೂ ಹೊಳೆಯಲಿಲ್ಲ. ಅಪ್ಪನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು, "ಕೈ ನೋವಾತೇನಪ್ಪಾ?" ಎಂದು ಉಫ್ ಉಫ್ ಅಂತ ಊದತೊಡಗಿತು.

ಅವ್ವ ಗಂಟು ಕೆಳಗಿಟ್ಟಳು. ನನ್ನನ್ನು ಹತ್ತಿರ ಎಳೆದುಕೊಂಡು, ನನ್ನ ಬೆನ್ನು ಸವರುತ್ತ ನಿಂತಳು.